ದೀಪದ ಮುಂದೆ ಕಲಿಸಿದ ಮಾತು

ಲಿಂಗಂಪಲ್ಲಿಯ ಸುಂದರಾಬಾಯಿಗೆ ಮಕ್ಕಳಿಂದ ಬಾಯಿಪಾಠ ಮಾಡಿಸುವುದೆಂದರೆ ಎಲ್ಲಿಲ್ಲದ ಹುರುಪು. ಭಾಲ್ಕಿಯಿಂದ ಮದುವೆಯಾಗಿ ಈ ತೆಲುಗು ಸೀಮೆಗೆ ಬಂದವಳು ಓಣಿಯ ಎಷ್ಟು ಮಕ್ಕಳಿಗೆ ಶ್ಲೋಕ, ಮಗ್ಗಿ ಕಲಿಸಿಲ್ಲ! ಒಂದಕ್ಷರ ತಪ್ಪಿದರೂ ಮತ್ತೆ ಮೊದಲಿನಿಂದ ಹೇಳಬೇಕು. ಆ ಜಾಣತನವೇ ಅವಳಿಗೆ ಮುಳುವಾಯಿತು ನೋಡಿ.

ಮಗಳು ಐಶ್ವರ್ಯಾ ಗಂಡನೊಂದಿಗೆ ಜಗಳವಾಡಿ, ಆರು ವರ್ಷದ ಪಿಂಕಿಯನ್ನು ಕರೆದುಕೊಂಡು ತವರಿಗೆ ಬಂದುಬಿಟ್ಟಳು. ಅಳಿಯ ಶಿವಪ್ರಕಾಶ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ನೌಕರ. ಸಿಡುಕು ಸ್ವಭಾವ, ಬಾಯಿ ಒರಟು. ಆದರೆ ಮಗುವಿನ ಮೇಲೆ ಒಂದು ದಿನವೂ ಕೈಯೆತ್ತಿದವನಲ್ಲ. ಮಗಳು ನನಗೆ ಬೇಕು ಎಂದು ಅವನು ಕೋರ್ಟಿಗೆ ಹೋದ. ಜಡ್ಜಮ್ಮ ಮಗುವನ್ನೇ ಒಳಗೆ ಕರೆದು ಕೇಳುತ್ತಾರೆ ಎಂದು ವಕೀಲರು ಹೇಳಿದಾಗ ಸುಂದರಾಬಾಯಿಗೆ ದಿಗಿಲಾಯಿತು. ಪಿಂಕಿ ಇಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಅವಳಿಂದ ಆಗಲಿಲ್ಲ.

ಆ ಸಂಜೆಯೇ ದೇವರ ದೀಪದ ಮುಂದೆ ಮೊಮ್ಮಗಳನ್ನು ಕೂರಿಸಿಕೊಂಡಳು. ಐಶ್ವರ್ಯಾ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ. ಶ್ಲೋಕ ಮುಗಿಯಿತು.

“ಈಗ ಇದೊಂದು ಹೇಳವಾ. ಅಪ್ಪ ನಂಗ ಬೆಲ್ಟಿಲೆ ಹೊಡೀತಾನ, ನಾ ಅಂವನ ಹತ್ರ ಹೋಗೂದಿಲ್ಲ.”

“ಅಪ್ಪ ಯಾವಾಗ ಹೊಡದಾನ, ಅಜ್ಜಿ?”

“ನಿಂಗ ನೆನಪಿಲ್ಲ. ಭಾಳ ಸಣ್ಣಾಕಿ ಇದ್ದಿ. ಹೇಳು ಅಂದ್ರ ಹೇಳು.”

ಪಿಂಕಿ ಹೇಳಿದಳು. ಕೋರ್ಟಿನಲ್ಲೂ ಹೇಳಿದಳು, ಒಂದಕ್ಷರ ತಪ್ಪದೆ. ವಿಷಯ ತಿಳಿದು ಐಶ್ವರ್ಯಾ ಹೌಹಾರಿದಳು, ಅವಳೂ ನಂಬಿದಳು. ಕೇಸು ಮುಗಿಯುವ ತನಕ ತಂದೆ ಮಗಳನ್ನು ಶನಿವಾರದಂದು, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಮಾತ್ರ ನೋಡಬೇಕೆಂದು ಅಪ್ಪಣೆಯಾಯಿತು.

ಅಲ್ಲಿಗೆ ಕರೆದೊಯ್ಯುವ ಕೆಲಸ ಅಜ್ಜಿಯದು. ಶಿವಪ್ರಕಾಶ ಪಾಳಿ ಮುಗಿಸಿ, ಮೊದಲೇ ಬಂದು, ಪಿಂಕಿಗೆ ಇಷ್ಟವಾದ ಉಸ್ಮಾನಿಯಾ ಬಿಸ್ಕೀಟು ಹಿಡಿದು ಕೂತಿರುತ್ತಿದ್ದ. “ಆರಾಮ ಅದೀರೇನ್ರೀ ಅತ್ತಿ?” ಎಂದು ಎದ್ದು ನಿಂತು ಕೇಳುತ್ತಿದ್ದ. ಅಯ್ಯೋ, ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು! ಮಗುವಿನ ಕೈ ಹಿಡಿಯಲೂ ಹೆದರಿ, ಬಿಸ್ಕೀಟನ್ನು ಮೇಜಿನ ಮೇಲೆ ಅವಳತ್ತ ಸರಿಸುತ್ತಿದ್ದ. ಪಿಂಕಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮೊದಲ ಸಲ ಸುಂದರಾಬಾಯಿಗೆ ಗೆದ್ದಂತೆನಿಸಿತ್ತು. ಬರಬರುತ್ತ ಅಳಿಯನ ಮುಖ ನೋಡಲಾಗದೆ ಬಾಗಿಲ ಕಡೆ ತಿರುಗಿ ಕೂರತೊಡಗಿದಳು.

ಒಂದು ಸಂಜೆ ಎಂದಿನಂತೆ ದೀಪ ಹಚ್ಚಿದಳು. ಪಿಂಕಿ ಕಣ್ಣು ಮುಚ್ಚಿ ಶ್ಲೋಕ ಹೇಳಿದಳು. ಮುಗಿದ ಮೇಲೂ ಜೋಡಿಸಿದ ಕೈ ಬಿಡದೆ, ಅದೇ ರಾಗದಲ್ಲಿ, “ಅಪ್ಪ ನಂಗ ಬೆಲ್ಟಿಲೆ ಹೊಡೀತಾನ...” ಎಂದಳು. ಹೇಳೆಂದು ಯಾರೂ ಹೇಳಿರಲಿಲ್ಲ. ಪಾಪಿ ಮುದುಕಿ, ದೇವರ ಮುಂದೆ ಕೂರಿಸಿ ಎಂಥಾ ಕೆಲಸ ಮಾಡಿಬಿಟ್ಟೆ ಎಂದು ಸುಂದರಾಬಾಯಿ ಹಣೆ ಹಣೆ ಬಡಿದುಕೊಂಡಳು. ಮಗಳು ಬರುತ್ತಲೇ ಎಲ್ಲವನ್ನೂ ಒದರಿಬಿಟ್ಟಳು.

ಐಶ್ವರ್ಯಾ ಬ್ಯಾಗು ಕೆಳಗಿಟ್ಟು ಅವ್ವನ ಎದುರು ಕೂತಳು. “ಜಡ್ಜ್ ಮುಂದ ನೀನ ಹೇಳಬೇಕು ಅವ್ವಾ,” ಎಂದಳು. “ಆ ಮನಷ್ಯಾಗ ನಾನೂ ಏನೇನೋ ಅಂದೀನಿ.”

ಮುಂದಿನ ತಾರೀಖಿಗೆ ಜಡ್ಜಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಸುಂದರಾಬಾಯಿ ತನ್ನ ಹರಕುಮುರುಕು ಹಿಂದಿಯಲ್ಲಿ, ಅಳಿಯ ಹೊಡೆದವನಲ್ಲ, ಕಲಿಸಿದವಳು ತಾನು, ಶಿಕ್ಷೆ ಕೊಡುವುದಿದ್ದರೆ ತನಗೆ ಕೊಡಿ ಎಂದು ಕೈಮುಗಿದು ಗೊಳೋ ಎಂದು ಅತ್ತಳು. ಶಿವಪ್ರಕಾಶ ತಲೆಯೆತ್ತಿ ಮಗಳನ್ನು ನೋಡಿದ. ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಜೀವ ಬಂದಿತ್ತು. ಅಜ್ಜಿ ಹೇಳಿದ್ದು ನಿಜವೇನಮ್ಮಾ ಎಂದು ಜಡ್ಜಮ್ಮ ಪಿಂಕಿಯನ್ನು ಮೆಲ್ಲಗೆ ಕೇಳಿದರು.

ಪಿಂಕಿ ಅಜ್ಜಿಯ ಹತ್ತಿರ ಬಂದು, ಸೆರಗಿನಿಂದ ಅವಳ ಕಣ್ಣೊರೆಸಿದಳು.

“ನಿಂಗ ನೆನಪಿಲ್ಲ ಅಜ್ಜಿ,” ಎಂದಳು ಸಮಾಧಾನ ಮಾಡುತ್ತ. “ಅಪ್ಪ ಹೊಡೀತಾನ.”