ದೀಪ ಹೋಗದ ಕೋಣಿ

ಸ್ಕೂಟರ್ ಡಿಕ್ಕಿ ತೆಗೆದ ಕೂಡಲೇ ಮದ್ದಿನ ವಾಸನಿ ಗಪ್ಪಂತ ಮೂಗಿಗೆ ಬಡೀತು. ದೀಪಾವಳಿ ಪಾಡ್ಯದ ಸಂಜಿ, ಪಟಾಕಿ ವ್ಯಾಪಾರ ಮುಗಿದಿತ್ತು. ಮಾರಾಟ ಆಗದ ಮಾಲೆಲ್ಲಾ ಗಜೇಂದ್ರಗಡ ರಸ್ತೆದ ಗೋದಾಮಿಗೆ ಹೋಗಬೇಕು, ಮನಿಯೊಳಗ ಒಂದು ಸುರಸುರಬತ್ತಿನೂ ಇಡಬಾರದು ಅಂತ ನಿಯಮ. ಎಲ್ಲಾ ಕಳಿಸಿದ ಮ್ಯಾಲೆ ಎರಡು ಡಬ್ಬಿ ಉಳಿದಿದ್ವು. ಅವನ್ನ ಟವೆಲಿನ್ಯಾಗ ಸುತ್ತಿಕೊಂಡು ಒಳಕೋಣಿ ಮಂಚದ ಕೆಳಗ ತಳ್ಳಿದೆ.

ನನಗ ಸಾಕಾಗಿತ್ರಿ. ಪರವಾನಗಿ ಸಲುವಾಗಿ ಠಾಣೆ, ಅಗ್ನಿಶಾಮಕ, ತಹಶೀಲ್ದಾರ್ ಕಚೇರಿ ಅಂತ ತಿರುಗಿ ಚಪ್ಪಲಿ ಸವೆದಿದ್ವು. ಊರ ಹೊರಗಿನ ಮೈದಾನದಾಗ ತಗಡಿನ ಮಳಿಗಿ, ಮುಂದ ಉಸುಕಿನ ಬಕೀಟು, ನೀರಿನ ಡ್ರಮ್ಮು. ಮನಿಗೆ ನಳ ಬರದಿದ್ರೂ ನಡೀತೈತಿ, ಡ್ರಮ್ಮು ಮಾತ್ರ ತುಂಬಿರಬೇಕು. ಎರಡು ಡಬ್ಬಿ ಸಲುವಾಗಿ ಮತ್ತ ಗೋದಾಮಿನತನಕ ನೀವಾದ್ರೂ ಹೋಗ್ತಿದ್ರೇನು, ಹೇಳ್ರಿ.

ನನ್ನ ಬೆಳೆಸಿದ ಕಾಕಾನ ಕಾಲದಾಗ ಈ ತಾಪತ್ರಯ ಇರಲಿಲ್ಲ. ರೋಣದ ಪ್ಯಾಟ್ಯಾಗ ಕಿರಾಣಿ ಅಂಗಡಿ. ಹಬ್ಬ ಬಂದ್ರ ಬೆಲ್ಲದ ಪಕ್ಕದಾಗ ಪಟಾಕಿ. ಸೂಡಿ, ರಾಜೂರದ ಮಂದಿ ಸಂತಿ ಮುಗಿಸಿ ಅಲ್ಲಿಗೇ ಬರ್ತಿದ್ರು. ಮಾಲು ಎಲ್ಲಿ ಇಡ್ತಿದ್ದ ಅಂತೀರಿ? ಇದೇ ಒಳಕೋಣಿಯ ಹಗೇವಿನಾಗ. ಜ್ವಾಳ ತುಂಬಿಡೋ ನೆಲದ ಗುಂಡಿ ಅದು, ದೀಪಾವಳಿ ಹೊತ್ತಿಗೆ ಹ್ಯಾಂಗೂ ಖಾಲಿ ಆಗಿರ್ತಿತ್ತು. ನೆಲದ ಹೊಟ್ಯಾಗ ಬೆಂಕಿ ಹ್ಯಾಂಗ ಹೊಕ್ಕೀತು ಅನ್ನೋದು ಕಾಕಾನ ಲೆಕ್ಕ. ಮುಂದ ಅದರಾಗ ಜ್ವಾಳ ತುಂಬಿದ್ರ ರೊಟ್ಟಿಗೂ ಮದ್ದಿನ ವಾಸನಿ. ನನಗ ಎಷ್ಟು ರೂಢಿ ಆಗಿತ್ತಂದ್ರ, ಬ್ಯಾರೇ ಮನಿ ರೊಟ್ಟಿ ಸಪ್ಪಗ ಅನಸ್ತಿತ್ತು.

ಕಾಕಾನ ಹೆಂಡತಿ ಚಿಗವ್ವಗ ಮಾತ್ರ ಜೀವ ಕೈಯಾಗ. ಗೋಡಿ ಆಚಿ ಒಲಿ, ಹಗೇವಿನ ಮುಚ್ಚಳದ ಮ್ಯಾಲೆ ನಮ್ಮ ಹುಡುಗ್ರ ಹಾಸಿಗಿ. ಹಬ್ಬದಾಗ ಬಾವಿಕಟ್ಟಿಗೆ, ದನದ ಗ್ವಾದಲಿಗೆ, ತಿಪ್ಪಿಗೂ ದೀಪ ಇಡ್ತಿದ್ಲು, ಆ ಕೋಣಿಗೆ ಇಲ್ಲ. ಊರಿಗೆಲ್ಲಾ ಪಟಾಕಿ ಮಾರೋ ಮನ್ಯಾಗ ಅದೊಂದು ಕೋಣಿ ಕತ್ತಲ. ಮಾಲು ಹೊರಗ ಹಾಕ್ರಿ ಅಂತ ಪ್ರತಿ ವರ್ಷ ಹೇಳ್ತಿದ್ಲು, ಕಾಕಾ ನಕ್ಕುಬಿಡ್ತಿದ್ದ.

ಮುಂದ ಮನಿಯೊಳಗ ಮಾಲು ಇಡೋ ಹಂಗಿಲ್ಲ ಅಂತ ಹುಕುಂ ಬಂತು. ತಪಾಸಣಿಗೆ ಬಂದ ಸಾಹೇಬರಿಗೆ ಕಾಕಾ ಚಾ ಕುಡಿಸಿ, ಹಗೇವಿನ್ಯಾಗ ಬರೇ ಜ್ವಾಳ ಐತಿ ಅಂದ. ಅವರೂ ನಂಬಿ ಎದ್ರು. ಹೊರಗಿನವರ ಮುಂದ ಎಂದೂ ಬಾಯಿ ಬಿಡದ ಚಿಗವ್ವ ಬಾಗಿಲಕ್ಕ ಅಡ್ಡ ನಿಂತ್ಲು.

"ಪಟಾಕಿ ಐತ್ರಿ. ಈ ಹುಡುಗ್ರು ಅದರ ಮ್ಯಾಲೆ ಮಲಗ್ತಾರ. ಒಯ್ದುಬಿಡ್ರಿ."

ಮಾಲು ಹೋತು. ಹಬ್ಬ ಮುಗಿಯೋತನಕ ಕಾಕಾ ಅಕಿ ಜೋಡಿ ಮಾತು ಬಿಟ್ಟ. ಖರೇ ಹೇಳ್ತೀನಿ, ನನಗೂ ಸಿಟ್ಟು ಬಂದಿತ್ತು. ಆ ರಾತ್ರಿ ಅಕಿ ಒಬ್ಬಾಕೀನೇ ಹಗೇವಿನ ಮುಚ್ಚಳದ ಮ್ಯಾಲೆ ಹಣತಿ ಹಚ್ಚಿಟ್ಟು ಭಾಳ ಹೊತ್ತು ಅದರ ಮುಂದ ಕುಂತಿದ್ಲು.

ಕಾಕಾ ಈಗಿಲ್ಲ. ಹಗೇವು ಮುಚ್ಚಿ ಫರಸಿ ಕಲ್ಲು ಹಾಕಿಸೇವಿ. ಹಬ್ಬದಾಗ ಅಲ್ಲಿ ದೀಪ ಇಡೋದು ಮಾತ್ರ ಚಿಗವ್ವ ಬಿಟ್ಟಿಲ್ಲ.

ಇಷ್ಟು ನೆನಸೋದ್ರಾಗ ಅಕಿ ಹಣತಿ ಹಿಡಕೊಂಡು ಒಳಕೋಣಿ ಹೊಸ್ತಿಲಕ್ಕ ಬಂದಳು. ಅಲ್ಲೇ ನಿಂತಳು. ಎರಡು ಸಲ ಮೂಗು ಎಳೆದು ವಾಸನಿ ನೋಡಿದಳು. ಬೈತಾಳ ಅಂದ್ಕೊಂಡೆ, ಬೈಲಿಲ್ಲ.

"ದೀಪಾ ಒಳಗ ತರ್ಲೇನಪಾ?"

ನಾನು ಮಂಚದ ಕೆಳಗ ಬಗ್ಗಿ ಡಬ್ಬಿ ತಗೊಂಡು ಸ್ಕೂಟರ್ ಹತ್ತಿದೆ. ಗೋದಾಮಿಗೆ ಮುಟ್ಟಿಸಿ ಬರೋದ್ರಾಗ ಸೊಂಟಾ ಬಿದ್ದುಹೋಗಿತ್ತು. ಬಂದು ನೋಡಿದ್ರ ಚಿಗವ್ವ ಹೊಸ್ತಿಲದಾಗ ಕುಂತಿದ್ಲು, ಗಾಳಿಗೆ ಅಂಗೈ ಅಡ್ಡ ಹಿಡಿದು ಅದೇ ಹಣತಿ ಕಾಯ್ಕೋತ.

"ಈಗ ಇಡವ್ವಾ," ಅಂದೆ.