ಮದುವೆಗಾಗಿ ಮುಂದಕ್ಕೆ ಹೋದ ಕೇಸು

ಬೆಳಿಗ್ಗೆ ಕೋರ್ಟಿನಲ್ಲಿ ಎದುರುಬದುರು ನಿಂತವರು ಮಧ್ಯಾಹ್ನ ಒಂದೇ ಜೀಪಿನಲ್ಲಿ ಊರಿಗೆ ಹೋಗುವುದನ್ನು ನಾನು ಮೊದಲು ಕಂಡದ್ದು ಪುತ್ತೂರಿನಲ್ಲಿ. ನಮ್ಮ ವಿಜಯಪುರದ ಕಡೆ ಕೇಸು ಹಾಕಿಕೊಂಡವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇದೆಂಥ ಜಗಳ ಎಂದು ಬೆರಗಾಯಿತು.

ವಕೀಲರೊಬ್ಬರ ಆಫೀಸಿಗೆ ಟೈಪಿಸ್ಟಾಗಿ ಬಂದು ವರ್ಷವಾಯಿತು. ರೊಟ್ಟಿ ತಿಂದು ಬೆಳೆದವಳಿಗೆ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ತಿಂಗಳು ಹಿಡಿಯಿತು. 'ಇದೆ' ಎನ್ನುವುದಕ್ಕೆ ಇವರು ಹೇಳುವ 'ಉಂಟು' ಕಿವಿಗೆ ಒಗ್ಗಲು ಇನ್ನೂ ತಡವಾಯಿತು. ಕೆಲಸಕ್ಕೆ ಮಾತ್ರ ನಾನು ಹೆದರಿದವಳಲ್ಲ. ತಡಮಾಡಲು ಇಂಗ್ಲಿಷಿನಲ್ಲಿರುವ ಕ್ರಿಯಾಪದಗಳೆಲ್ಲ ನನಗೆ ಬಾಯಿಪಾಠ. ಶುರುವಾಗದ್ದನ್ನು ಮುಂದೆ ಹಾಕಿದರೆ ಪೋಸ್ಟ್‌ಪೋನ್, ನಡೆಯುತ್ತಿರುವುದನ್ನು ಇನ್ನೊಂದು ದಿನಕ್ಕೆ ಇಟ್ಟರೆ ಅಡ್ಜರ್ನ್, ಕೋರ್ಟೇ ಕೈಹಿಡಿದು ತಡೆದರೆ ಸ್ಟೇ. ನಮ್ಮ ಮನೆಗಳಲ್ಲಿ 'ನೋಡೋಣ' ಎಂದರೆ ಮೂರೂ ಮುಗಿಯುತ್ತವೆ.

ಒಂದು ದಿನ ಕೆದಂಬಾಡಿಯ ಐಸಮ್ಮ ಬಂದರು. ತನ್ನ ಮನೆಗೆ ಹೋಗುವ ದಾರಿಗಾಗಿ ನೆರೆಮನೆಯ ನಾರಾಯಣ ಭಟ್ಟರ ಮೇಲೆ ಕೇಸು ಹಾಕಿದವರು. ವಿಚಾರಣೆಯ ದಿನವೇ ಭಟ್ಟರ ಮಗಳ ಮದುವೆ, ಕೇಸು ಅಡ್ಜರ್ನ್ ಆಗಬೇಕು. ನಾನು ಅಭ್ಯಾಸಬಲದಿಂದ 'ವಾದಿಗೆ ಅನಾರೋಗ್ಯ' ಎಂದು ಟೈಪ್ ಮಾಡಿ ಓದಿ ಹೇಳಿದೆ. ಸಹಿಗೆಂದು ಹಿಡಿದಿದ್ದ ಪೆನ್ನನ್ನು ಐಸಮ್ಮ ಕೆಳಗಿಟ್ಟರು.

"ನನಗೆ ಎಂತ ಕಾಯಿಲೆ ಮಾರಾಯ್ರೆ? ಕಾಯಿಲೆ ಅಂತ ಬರೆದು ಮದುವೆಯಲ್ಲಿ ಊಟಕ್ಕೆ ಕೂರುದು ಹೇಗೆ? ಆ ಹುಡುಗಿಯನ್ನು ಎತ್ತಿ ಆಡಿಸಿದ್ದು ನಾನು. ಇದ್ದದ್ದು ಬರೆಯಿರಿ."

"ಹಾಗಾದರೆ ದಾರಿ ಬೇಡವಾ ನಿಮಗೆ?" ಎಂದೆ.

"ದಾರಿ ಬಿಡುದಿಲ್ಲ. ಮದುವೆಯೂ ಬಿಡುದಿಲ್ಲ."

ವಕೀಲರು ನಕ್ಕುಬಿಟ್ಟರು. ನನಗೆ ಹಟ ಬಂತು. 'ಪ್ರತಿವಾದಿಯ ಮಗಳ ಮದುವೆ, ವಾದಿಯೂ ಹೋಗಲೇಬೇಕಾಗಿದೆ' ಎಂದು ನನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಸುರಿದು ಬರೆದೆ. ನ್ಯಾಯಾಧೀಶರು ಎರಡು ಸಲ ಓದಿ, ಬೇರೆ ದಿನ ಕೊಟ್ಟರು. ಆ ಹೊತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಹೊರಗೆ ಜೀಪು ಹತ್ತುವ ಮೊದಲು ಭಟ್ಟರು ನನ್ನ ಕೈಗೂ ಮದುವೆ ಕಾಗದ ಕೊಟ್ಟರು. "ನೀವು ಬಾರದೆ ಆಗ್ಲಿಕ್ಕಿಲ್ಲ, ಆಯ್ತಾ?" ಪಕ್ಕದಲ್ಲಿದ್ದ ಐಸಮ್ಮ, "ನಾನೇ ಕರ್ಕೊಂಡು ಬರ್ತೇನೆ" ಎಂದರು.

ಮದುವೆಯ ವಾರವೇ ನಾನು ಊರಿಗೆ ಹೊರಡುವವಳಿದ್ದೆ. ಈ ಒಂದು ವರ್ಷದಲ್ಲಿ ಮೂರು ಸಲ ಜ್ವರ, ನೆಗಡಿ ಎಂದು ಸುಳ್ಳು ಹೇಳಿ ಅವ್ವನನ್ನು ಕಾಯಿಸಿದ್ದೆ. ಐಸಮ್ಮನನ್ನು ಕಂಡ ಮೇಲೆ ಆ ಸುಳ್ಳು ಬಾಯಿಗೆ ಬರಲಿಲ್ಲ. ಫೋನಿನಲ್ಲಿ ಇದ್ದದ್ದನ್ನೇ ಹೇಳಿದೆ.

"ಅವ್ವಾ, ಇಲ್ಲಿ ನಮ್ಮೋರ ಮನ್ಯಾಗ ಮದುವಿ ಉಂಟು."

"ನಮ್ಮೋರಾ? ಉಂಟಾ?" ಅವ್ವ ನನ್ನ ಮಾತನ್ನೇ ತಿರುಗಿಸಿ ಕೇಳಿದಳು.

"ಜ್ವರ ಬಂದೈತಿ ಅಂದಿದ್ರನ ಚಲೋ ಇತ್ತವಾ," ಎಂದಳು.