ನಜ್ಮಾಳ ಕಾರು ವೇಬ್ರಿಜ್ ಏರಿದ ದಿನ

ತನ್ನ ಕಾರನ್ನು ತಾನೇ ಓಡಿಸಿಕೊಂಡು ಮಾರಾಟಕ್ಕೆ ಒಯ್ಯುವ ಪಾಡು ಶತ್ರುವಿಗೂ ಬೇಡ. ಬ್ಯಾಡಗಿಯ ನಜ್ಮಾಳಿಗೆ ಆ ಗುರುವಾರ ಬಂದೊದಗಿದ್ದು ಅದೇ ಪಾಡು. ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ, ಗಂಡ ಮುಸ್ತಾಕ್ ಬೆಳಗಾಗುತ್ತಲೇ ದಲಾಲಿ ಅಂಗಡಿ ಸೇರಿದ್ದ. ಮಾವ ಕುತುಬುದ್ದೀನರ ಮೊಣಕಾಲು ಕ್ಲಚ್ ತುಳಿಯುವ ಕೆಲಸಕ್ಕೆ ಎಂದೋ ರಾಜೀನಾಮೆ ಕೊಟ್ಟಿತ್ತು. ಹಳೆ ಗಾಡಿ ಕೊಳ್ಳುವ ರಾಣೇಬೆನ್ನೂರಿನ ಮಾಲತೇಶಪ್ಪನಿಗೆ ‘ಗುರುವಾರ ಬರ್ತೇವಿ’ ಎಂದು ಮಾತು ಕೊಟ್ಟಾಗಿತ್ತು. ಇನ್ನು ಗಾಡಿ ಓಡಿಸುವವರು ಯಾರು? ನಜ್ಮಾಳೇ.

ಮಗಳು ಅಫ್ರೀನ್ ಹಾವೇರಿಯ ಕಾಲೇಜಿಗೆ ಸೇರಿದ ವರ್ಷ ನಜ್ಮಾ ಡ್ರೈವಿಂಗ್ ಕಲಿತಳು. ಮನೆಯಲ್ಲಿ ಮೊದಲು ನಕ್ಕರು, ಆಮೇಲೆ ಗದರಿಸಿದರು, ಕೊನೆಗೆ ಅವಳಿಲ್ಲದೆ ಯಾರಿಗೂ ಕೈಕಾಲಾಡದಂತಾಯಿತು. ಅತ್ತೆ ಮಕ್ತುಮಬಿಯ ಕಣ್ಣಿನ ಆಪರೇಷನ್ನಿಗೆ ಹಾವೇರಿಗೆ ಒಯ್ದವಳು ಅವಳೇ. ಓಣಿಯ ಬಸುರಿಯರಿಗೆ ನೋವು ಬಂದರೆ ಆಂಬುಲೆನ್ಸಿಗಿಂತ ಮುಂಚೆ ನಜ್ಮಾಳಿಗೇ ಫೋನು. ಅದೇ ಓಣಿಯ ಸುಮಯ್ಯಾಳ ಎರಡನೆಯ ಕೂಸು ಆಸ್ಪತ್ರೆಯ ಗೇಟು ದಾಟುವವರೆಗೆ ಹೇಗೋ ತಡೆದುಕೊಂಡಿತು. ಅದನ್ನು ಇವತ್ತಿಗೂ ಓಣಿಯವರು ‘ನಜ್ಮಾನ ಗಾಡಿ ಕೂಸು’ ಎಂದೇ ಕರೆಯುತ್ತಾರೆ.

ಹೀಗಿರುವಾಗ ಕಾರು ಹೊಗೆ ಬಿಡತೊಡಗಿತು. ಸಣ್ಣ ಹೊಗೆಯಲ್ಲ, ಹಿಂದೆ ಬರುವ ಬೈಕಿನವರು ಮುಖ ಮುಚ್ಚಿಕೊಂಡು ಬೈಯುವಂಥ ನೀಲಿ ಹೊಗೆ. ಎಂಜಿನ್ನಿನ ಕೆಳಗೆ ಆಯಿಲ್ ಜಿನುಗಿ ಅಂಗಳದಲ್ಲಿ ಕಲೆಗಳು ಬಿದ್ದವು. ಗ್ಯಾರೇಜಿನ ಮುಜಾಫರ ಹೊಗೆ ನೋಡಿಯೇ, "ಪಿಸ್ಟನ್ ರಿಂಗ್ ಹೋಗ್ಯಾವ್ರಿ, ಎಂಜಿನ್ ಬಿಚ್ಚಬೇಕು" ಎಂದುಬಿಟ್ಟ. ಬಾನೆಟ್ ಎತ್ತುವ ತ್ರಾಸು ಕೂಡ ತೆಗೆದುಕೊಳ್ಳಲಿಲ್ಲ. ಕುತುಬುದ್ದೀನರಿಗಂತೂ ಕಾರಣ ಮೊದಲೇ ಗೊತ್ತಿತ್ತು.

"ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಇನ್ನೇನ್ ಆಕ್ಕೈತಿ? ಗೇರ್ ಹಾಕಾಕ ಬರೂದಿಲ್ಲ, ರೇಸ್ ಮಾಡಿ ಮಾಡಿ ಎಂಜಿನ್ ಸುಟ್ಟಾಳ. ಮಾರಿಬಿಡ್ರಿ. ಇನ್ನ ಈ ಮನ್ಯಾಗ ಕಾರ್ ಬ್ಯಾಡ."

ಈ ಮಾತು ನಜ್ಮಾಳ ಎದೆಗೆ ನಾಟಿತು. ಕಾರು ಹೋದರೆ ಬಸ್ಸಿದೆ, ಹೇಗೋ ಆದೀತು. ಆದರೆ ‘ನಜ್ಮಾ ಗಾಡಿ ಕೆಡಿಸಿದಳು’ ಎಂಬ ಮಾತು ಒಮ್ಮೆ ಊರಲ್ಲಿ ನಿಂತರೆ, ಮುಂದೆ ಯಾವ ಕಾರು ಬಂದರೂ ಅವಳ ಕೈಗೆ ಸ್ಟೇರಿಂಗ್ ಸಿಗುವುದಿಲ್ಲ.

ಅವಳಿಗೆ ಒಂದು ಗುಮಾನಿ ಇತ್ತು. ಅವರ ಮನೆಯ ಮುಂದಿನ ಅಂಗಳವೆಂದರೆ ಮೆಣಸಿನಕಾಯಿ ಒಣಹಾಕುವ ಕಣ. ಅಕಾಲದ ಮಳೆ ಬಂದರೂ ಒಂದು ಹನಿ ನಿಲ್ಲಬಾರದೆಂದು ಕುತುಬುದ್ದೀನರು ನಿಂತು ಮಾಡಿಸಿದ ಕಾಂಕ್ರೀಟು, ಬಾಗಿಲಿಂದ ಬೀದಿಗೆ ಚೆನ್ನಾಗಿ ಇಳಿಜಾರು. ಸುಗ್ಗಿ ಮುಗಿದ ಮೇಲೆ ಕಾರು ನಿಲ್ಲುವುದು ಅಲ್ಲೇ. ಅದೂ ಮೂತಿ ಮನೆಯ ಕಡೆಗೆ. ದುಡಿಯುವ ಗಾಡಿ ಮನೆಗೆ ಬೆನ್ನು ತೋರಿಸಬಾರದು ಎಂಬುದು ಆ ಮನೆಯ ಕಟ್ಟಳೆ. ಹೀಗೆ ಮೂತಿ ಮೇಲೆತ್ತಿ ನಿಂತ ಕಾರಿನ ಆಯಿಲ್ ಅಳೆಯುವ ಕಡ್ಡಿಯನ್ನು ಕುತುಬುದ್ದೀನರು ಪ್ರತಿ ಶುಕ್ರವಾರ ಜುಮ್ಮಾ ನಮಾಜಿಗೆ ಮುಂಚೆ ಎಳೆದು ನೋಡುತ್ತಿದ್ದರು. ಕಡಿಮೆ ಕಾಣುತ್ತಿತ್ತು, ಒಂದಿಷ್ಟು ಸುರಿಯುತ್ತಿದ್ದರು. ಮುಸ್ತಾಕನೂ ಅಪ್ಪನ ಮಗನೇ. ಗಾಡಿ ನಿಲ್ಲಿಸಿದವನೇ ಎಂಜಿನ್ ಬಿಸಿಯಿರುವಾಗಲೇ ಕಡ್ಡಿ ಎಳೆದು, ಕಡಿಮೆ ಕಂಡರೆ ಅವನೂ ಒಂದಿಷ್ಟು ಹಾಕುತ್ತಿದ್ದ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಪ್ರೀತಿ ಹೆಚ್ಚಾದ ಮನೆಯಲ್ಲಿ ಕೂಸಿಗೆ ಅಜ್ಜಿಯೊಂದು ತುತ್ತು, ಅತ್ತೆಯೊಂದು ತುತ್ತು ತಿನ್ನಿಸಿ ಹೊಟ್ಟೆ ಕೆಡಿಸುತ್ತಾರಲ್ಲ, ಹಾಗೆ.

ಒಮ್ಮೆ ಅಫ್ರೀನಳ ಕಾಲೇಜಿನ ಮುಂದಿನ ಸಮತಟ್ಟಾದ ಮೈದಾನದಲ್ಲಿ ಕಾಯುತ್ತ ಕುಳಿತಿದ್ದ ನಜ್ಮಾ ಬೇಸರಕ್ಕೆ ಬಾನೆಟ್ ಎತ್ತಿ ಕಡ್ಡಿ ಎಳೆದಳು. ಹೆಚ್ಚೆಂದರೆ ಇಷ್ಟು ಎನ್ನುವ ಮೇಲಿನ ಗೆರೆ ದಾಟಿ ಆಯಿಲ್ ಮೆತ್ತಿಕೊಂಡಿತ್ತು. ಸಂಜೆ ಮನೆಗೆ ಬಂದು ನೋಡಿದರೆ ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಕಾರು ಅದೇ, ಆಯಿಲ್ ಅದೇ, ಬದಲಾಗಿದ್ದು ನೆಲ ಮಾತ್ರ. ಇಳಿಜಾರಿನಲ್ಲಿ ಆಯಿಲ್ ಹಿಂದಕ್ಕೆ ಸರಿದು ಕಡ್ಡಿಗೆ ಸಿಗುತ್ತಿರಲಿಲ್ಲ. ಗಂಡನಿಗೆ ಹೇಳಿದರೆ, "ನೀ ಯಾವಾಗಿಂದ ಮೆಕ್ಯಾನಿಕ್ ಆದಿ?" ಎಂದು ನಕ್ಕುಬಿಟ್ಟ.

ಆ ಗುರುವಾರ ಕುತುಬುದ್ದೀನರು ಆಯಿಲ್ ಡಬ್ಬಿ ಹಿಡಿದೇ ಹೊರಗೆ ಬಂದರು. "ಕೊಡೂ ವ್ಯಾಳ್ಯಾದಾಗ ಆಯಿಲ್ ಕಡಿಮಿ ಇದ್ರ ಮಾಲತೇಶಪ್ಪ ಏನ್ ಅಂದ್ಕೊಂಡಾನು? ಪೂರಾ ಹಾಕಿ ಕೊಡೂಣು" ಎಂದರು. ಮನುಷ್ಯ ಹಟಮಾರಿ, ಆದರೆ ಪ್ರಾಮಾಣಿಕ.

ನಜ್ಮಾ ಬಾನೆಟ್ ಮೇಲೆ ಕೈಯಿಟ್ಟು ಮಾವನಿಗೆ ಅಡ್ಡ ನಿಂತಳು. "ಅಬ್ಬಾ, ಇಲ್ಲಿ ನೋಡೂದ್ ಬ್ಯಾಡ್ರಿ. ಪ್ರಭಣ್ಣನವ್ರ ವೇಬ್ರಿಜ್ ಮ್ಯಾಲ ನಿಂದ್ರಿಸಿ ನೋಡೂಣು. ಅಲ್ಲೂ ಕಡಿಮಿ ಇತ್ತಂದ್ರ ಗಾಡಿ ಮಾರಿ ಬಸ್ಸಿಗೆ ಬರೂಣು. ಮತ್ತ ಯಾವತ್ತೂ ನಾ ಸ್ಟೇರಿಂಗ್ ಮುಟ್ಟೂದಿಲ್ಲ."

"ಜಾಸ್ತಿ ಇತ್ತಂದ್ರ?"

"ಆವಾಗ ನೀವ ಹೇಳ್ರಿ."

ಮಾರುಕಟ್ಟೆಯಲ್ಲಿ ಹುಟ್ಟಿ ಬೆಳೆದವರಿಗೆ ಲಾರಿ ತೂಗುವ ವೇಬ್ರಿಜ್ಜಿನ ಮಾತೆಂದರೆ ಕೊನೆಯ ಮಾತು. ಕುತುಬುದ್ದೀನರು ಬೇಡವೆನ್ನಲಾರದೆ ಡಬ್ಬಿಯೊಂದಿಗೆ ಕಾರು ಹತ್ತಿದರು.

ಮೆಣಸಿನಕಾಯಿ ಚೀಲ ಹೇರಿದ ಲಾರಿಗಳ ಸಾಲಿನಲ್ಲಿ ಆ ಪುಟ್ಟ ಬಿಳಿ ಕಾರೂ ಹೊಗೆ ಉಗುಳುತ್ತ ನಿಂತಿತು. ಸರದಿ ಬಂದಾಗ ವೇಬ್ರಿಜ್ ಮಾಲೀಕ ಪ್ರಭುಲಿಂಗಪ್ಪ ಕಿಟಕಿಯಿಂದ ಇಣುಕಿದ. "ಏನ್ ತೂಗಬೇಕ ತಂಗಿ? ಮಾವನ್ನೋ?"

"ತೂಗೂದ್ ಬ್ಯಾಡ್ರಿ ಅಣ್ಣಾ. ಒಂದ್ ಚಾ ಕುಡಿಯೂಮಟಾ ನಿಂದರಾಕ ಬಿಡ್ರಿ. ನಿಮ್ಮ ಕಟ್ಟಿ ಸಪಾಟ ಐತಿ ಹೌದಲ್ರಿ?"

ಪ್ರಭುಲಿಂಗಪ್ಪನಿಗೆ ಸಿಟ್ಟೇ ಬಂತು. "ಹೌದಲ್ರಿ ಅಂದ್ರ? ರಸಮಟ್ಟ ಇಟ್ಟು ನೋಡ, ಗುಳ್ಳಿ ಅತ್ತಾಗ ಇತ್ತಾಗ ಸರದ್ರ ಇವತ್ತ ಬೀಗ ಹಾಕ್ತೇನಿ!"

ಎಂಜಿನ್ ಆರಿಸಿದ ಕ್ಷಣವೇ ಕುತುಬುದ್ದೀನರು ಕಡ್ಡಿಗೆ ಕೈಹಾಕಿದರು. "ತಡೀರಿ ಅಬ್ಬಾ. ಆಯಿಲ್ ಇನ್ನೂ ಎಂಜಿನ್ ತುಂಬ ಅಡ್ಡಾಡಾಕತ್ತೈತಿ. ಎಲ್ಲಾ ಕೆಳಗ ಇಳೀಲಿ" ಎಂದು ನಜ್ಮಾ ತಡೆದಳು. ಚಹಾ ಬಂತು. ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ಹಮಾಲರು ಚೀಲ ಬಿಟ್ಟು ಸುತ್ತ ನೆರೆದರು, ಯಾರೋ ಅಂಗಡಿಯಿಂದ ಮುಸ್ತಾಕನನ್ನೂ ಕರೆತಂದರು. ನಜ್ಮಾ ಗುಟುಕು ಗುಟುಕಾಗಿ ಚಹಾ ಕುಡಿಯುತ್ತ ನಿಂತಳು. ತನ್ನ ಲೆಕ್ಕ ತಪ್ಪಿದ್ದರೆ ಇಡೀ ಮಾರುಕಟ್ಟೆಯ ಎದುರು ಮರ್ಯಾದೆ ಮೂರಾಬಟ್ಟೆ!

ಕಪ್ಪು ಖಾಲಿಯಾಯಿತು. ಅವಳು ಕಡ್ಡಿ ಎಳೆದು, ಅದರತ್ತ ನೋಡದೆಯೇ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದಳು. ಮತ್ತೆ ಬುಡದವರೆಗೆ ಇಳಿಸಿ, ನಿಧಾನಕ್ಕೆ ಎಳೆದು ಮಾವನ ಮುಂದೆ ಹಿಡಿದಳು. ಮೇಲಿನ ಗೆರೆ ಆಯಿಲ್‌ನಲ್ಲಿ ಮುಳುಗಿ ಹೋಗಿತ್ತು. ಅದರ ಮೇಲೂ ಮೂರು ಬೆರಳು ಆಯಿಲ್!

ಕುತುಬುದ್ದೀನರು ನಂಬಲಿಲ್ಲ. ಕಡ್ಡಿ ಕಸಿದು ತಮ್ಮ ರುಮಾಲಿನಿಂದ ಒರೆಸಿ, ಅದ್ದಿ, ಎಳೆದರು. ಅಷ್ಟೇ ಇತ್ತು. ಮತ್ತೊಮ್ಮೆ ಅದ್ದಿದರು. ಅಷ್ಟೇ. ಕೊನೆಗೆ ಮಗನ ಕಡೆ ತಿರುಗಿದರು.

"ನೀನೂ ಹಾಕಾಕತ್ತಿದ್ದೇನಲೇ?"

"ನೀವೂ ಹಾಕಾಕತ್ತಿದ್ರೇನ್ರಿ?" ಎಂದ ಮುಸ್ತಾಕ್.

ಹಮಾಲರೆಲ್ಲ ಹೋ ಎಂದು ನಕ್ಕರು. ಅತಿಯಾದರೆ ಅಮೃತವೂ ವಿಷ, ಇನ್ನು ಆಯಿಲ್ ಯಾವ ಲೆಕ್ಕ! ಹೆಚ್ಚಾದ ಆಯಿಲೇ ಸುಟ್ಟು ಹೊಗೆಯಾಗಿತ್ತು, ಜಿನುಗಿ ಕಲೆಯಾಗಿತ್ತು. ಪಕ್ಕದ ರಸ್ತೆಯ ಗ್ಯಾರೇಜಿನಲ್ಲಿ ಮುಜಾಫರ ತಲೆ ಕೆರೆದುಕೊಳ್ಳುತ್ತ ಕೆಳಗಿನ ಬೋಲ್ಟು ಸಡಿಲಿಸಿ ಹೆಚ್ಚಿನದನ್ನು ಇಳಿಸಿದ. ನಜ್ಮಾ ಮತ್ತೆ ವೇಬ್ರಿಜ್ ಏರಿಸಿ, ಮತ್ತೆ ಕಾದು, ಎರಡು ಗೆರೆಗಳ ನಡುವೆ ಆಯಿಲ್ ನಿಂತಿದ್ದನ್ನು ಕಂಡ ಮೇಲೆಯೇ ಬಾನೆಟ್ ಮುಚ್ಚಿದಳು.

ಕುತುಬುದ್ದೀನರು ಕಾರು ಹತ್ತಿ, "ನಡಿ, ರಾಣೇಬೆನ್ನೂರಿಗೆ. ಮಾತ್ ಕೊಟ್ಟೇನಿ" ಎಂದರು. ನಜ್ಮಾ ಕೀಲಿ ತಿರುಗಿಸಿದಳು. ಗೆದ್ದೂ ಸೋತಂತಾಯಿತಲ್ಲ!

ಮೋಟೆಬೆನ್ನೂರಿನವರೆಗೆ ಕನ್ನಡಿಯಲ್ಲಿ ಹೊಗೆ ಕಾಣುತ್ತಲೇ ಇತ್ತು. ಹೆದ್ದಾರಿಗೆ ಬಿದ್ದ ಮೇಲೆ ತೆಳ್ಳಗಾಯಿತು. ರಾಣೇಬೆನ್ನೂರು ಹತ್ತಿರವಾಗುವಷ್ಟರಲ್ಲಿ ಹಿಂದಿನ ರಸ್ತೆ ನಿಚ್ಚಳವಾಗಿತ್ತು, ಎಂಜಿನ್ನಿನ ಏದುಸಿರು ನಿಂತಿತ್ತು. ಕುತುಬುದ್ದೀನರು ಎರಡು ಸಲ ಹಿಂದೆ ತಿರುಗಿ ನೋಡಿದರು.

ಮಾಲತೇಶಪ್ಪ ಪಳಗಿದ ಅಸಾಮಿ. ಗಾಡಿ ಚಾಲೂ ಇರಿಸಿ ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿದ. ಕಲೆಯಿಲ್ಲ. ಎಂಜಿನ್ನಿಗೆ ಕಿವಿಗೊಟ್ಟ. ಮುಖ ಅರಳಿತು.

"ಹೊಗಿ ಬರ್ತೈತಿ ಅಂದಿದ್ರಲ್ರಿ ಸಾಹೇಬ್ರ? ಎಂಜಿನ್ ಗಟ್ಟಿ ಐತಿ. ಈಗ ಕೀಲಿ ಕೊಡ್ರಿ."

"ಗಾಡಿ ಮಾರೂದಿಲ್ಲ" ಎಂದರು ಕುತುಬುದ್ದೀನರು.

"ಮತ್ತ ಇಲ್ಲೀಮಟಾ ಯಾಕ ತಂದ್ರಿ?"

"ಬರ್ತೇನಿ ಅಂತ ಮಾತ್ ಕೊಟ್ಟಿದ್ದೆ, ಬಂದೇನಿ. ಇನ್ನೊಂದ್ ಏನಂದ್ರ..." ಮುದುಕರು ಸ್ಟೇರಿಂಗಿನ ಕಡೆ ಬೆರಳು ಮಾಡಿದರು. "ನನ್ನ ಸೊಸಿ ಗಾಡಿ ಕೆಡಿಸ್ಯಾಳ ಅಂತ ನಿನ್ನ ಮುಂದನ ಹೇಳಿದ್ದೆ ನೋಡು. ಸುಳ್ಳ ಹೇಳಿದ್ದೆ. ಕೆಡಿಸಿದಾವ ನಾನು, ಉಳಿಸಿದಾಕಿ ಆಕಿ. ಅದನ್ನ ನಿನ್ನ ಮುಂದನ ಹೇಳಿ ಹೋಗೂಣು ಅಂತ ಬಂದೆ."

ಸ್ಟೇರಿಂಗಿನ ಹಿಂದೆ ಕುಳಿತಿದ್ದ ನಜ್ಮಾಳಿಗೆ ಅಳು ಬಂತು, ನಗುವೂ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯದೆ, ಮಾಲತೇಶಪ್ಪ ಬೆಚ್ಚಿ ಹಿಂದೆ ಸರಿಯುವಷ್ಟು ಜೋರಾಗಿ ಹಾರ್ನ್ ಒತ್ತಿ ಹಿಡಿದಳು.